ಎರಡೆತ್ತು ಸಾಕೋ, ನಾಲ್ಕೆತ್ತು ಬೇಕೋ

ಪುರ್ತಗೇರಿಯ ಅಂದಾನಪ್ಪನಿಗೆ ಹೆಂಡತಿಯ ಮೇಲೆ ಇದ್ದ ದೂರು ಒಂದೇ. ಅವಳು ಎರಡರ ಆಚೆಗೆ ಎಣಿಸಲು ಒಪ್ಪುತ್ತಿರಲಿಲ್ಲ. ರೊಟ್ಟಿ ಎಣಿಸುವಾಗ ಅಲ್ಲ, ಸೀರೆ ಎಣಿಸುವಾಗ ಮೊದಲೇ ಅಲ್ಲ, ಎತ್ತು ಎಣಿಸುವಾಗ. ಬಂಡಿಗೆ ನಾಲ್ಕು ಎತ್ತು ಹೂಡಬೇಕು ಎಂದು ಅವನು, ಎರಡೇ ಸಾಕು ಎಂದು ಕಲ್ಲವ್ವ. ಈ ವ್ಯಾಜ್ಯ ಆ ಮನೆಯಲ್ಲಿ ಉಗಾದಿಗೆ ಹುಟ್ಟಿ ಕಾರಹುಣ್ಣಿಮೆ ಕಳೆದರೂ ಸಾಯಲಿಲ್ಲ. ಕುಂಪಣಿ ಸರಕಾರದವರೂ ಮರಾಠರೂ ಇದಕ್ಕಿಂತ ಬೇಗ ರಾಜಿ ಮಾಡಿಕೊಂಡಿದ್ದರು.

ಎತ್ತಿನ ಲೆಕ್ಕಕ್ಕೆ ಇಷ್ಟು ರಂಪ ಯಾಕೆ ಎಂದು ಕೇಳುವವರು ನಮ್ಮ ಎರಿ ಮಣ್ಣನ್ನು ನೋಡಿದವರಲ್ಲ. ಸಡಕು ಎಂಬುದು ಆ ಕಾಲಕ್ಕೆ ಕುಂಪಣಿಯವರ ಕಾಗದದ ಮೇಲೆ ಮಾತ್ರ ಇತ್ತು. ನೆಲದ ಮೇಲೆ ಇದ್ದದ್ದು ಕರಿ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುರಿಮರಿ ನುಂಗುವ ಈ ಮಣ್ಣು, ನಾಲ್ಕು ಹನಿ ಬಿದ್ದರೆ ಬಂಡಿಯನ್ನೇ ನುಂಗುತ್ತದೆ. ಗಜೇಂದ್ರಗಡದ ನೇಕಾರನೊಬ್ಬ ಸೀರೆಯ ಗಂಟು ಹೊತ್ತು ರೋಣದ ಸಂತೆಗೆ ಹೊರಟವನು ಈ ದಾರಿಯಲ್ಲಿ ಒಂದು ಕಾಲು ಊರಿದನಂತೆ. ಅದನ್ನು ಕಿತ್ತು ಇನ್ನೊಂದು ಊರಿ, ಅದನ್ನೂ ಕಿತ್ತು ಸಂತೆ ಮುಟ್ಟುವಷ್ಟರಲ್ಲಿ, ಅವನು ನೇಯ್ದ ಅಂಚಿನ ಸೀರೆ ಉಡುವುದನ್ನೇ ಹೆಂಗಸರು ಬಿಟ್ಟುಬಿಟ್ಟಿದ್ದರಂತೆ.

ಇಂಥ ನೆಲದಲ್ಲಿ ಹೂತ ಬಂಡಿ ಎಬ್ಬಿಸುವುದು ಅಂದಾನಪ್ಪನ ಕಸುಬು. ಹೊಲವೂ ಇತ್ತು, ಆದರೆ ಹೆಸರು ತಂದದ್ದು ಕೆಸರು. ಯಾರದೇ ಹತ್ತಿಯ ಬಂಡಿ, ಜೋಳದ ಬಂಡಿ, ಮದುವೆಯ ದಿಬ್ಬಣ ಎಲ್ಲೇ ಕುಸಿದರೂ ಮೊದಲು ದೇವರನ್ನು ನೆನೆದು, ದೇವರು ಬರುವುದು ತಡವಾದರೆ ಅಂದಾನಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಅವನು ಹಂಡ್ಯಾ ಮತ್ತು ಬೂದ್ಯಾ ಎಂಬ ತನ್ನ ಎರಡು ಎತ್ತುಗಳನ್ನು ಹೊಡೆದುಕೊಂಡು ಬಂದು, ಸಿಕ್ಕ ಬಂಡಿಯ ಮೂಕಿಮರಕ್ಕೆ ಮಿಣಿ ಹಗ್ಗ ಬಿಗಿದು, ಎತ್ತುಗಳ ಕಿವಿಯಲ್ಲಿ ಏನೋ ಉಸುರಿ ಎಳೆಸುತ್ತಿದ್ದ. ಒಮ್ಮೆ ಹತ್ತಿಯ ಬಂಡಿ ಎಬ್ಬಿಸಿದಾಗ ಗಾಲಿಗೆ ಅಂಟಿಕೊಂಡು ಪಕ್ಕದವನ ಎರಡು ಕೂರಿಗೆ ಹೊಲವೂ ಜೊತೆಗೆ ಎದ್ದು ಬಂತು, ಅದನ್ನು ವಾಪಸು ಒಯ್ದು ಹಾಸಿ ಬರುವಷ್ಟರಲ್ಲಿ ಸಂಜೆಯಾಯಿತು ಎಂದು ಅವನೇ ಹೇಳುತ್ತಿದ್ದ. (ಹೊಲದ ಧಣಿ ಇದನ್ನು ಒಪ್ಪುವುದಿಲ್ಲ. ಬದು ಒಂದು ಗೇಣು ಸರಿದಿದೆ ಎಂಬುದನ್ನು ಮಾತ್ರ ಒಪ್ಪುತ್ತಾನೆ.)

ಹೀಗೆ ಎರಡೆತ್ತಿನಲ್ಲಿ ಸುಖವಾಗಿದ್ದವನ ತಲೆ ಕೆಟ್ಟದ್ದು ನರಗುಂದದಲ್ಲಿ. ಅಲ್ಲಿ ಯಾವುದೋ ಕೆಲಸಕ್ಕೆ ಹೋದಾಗ ಗುಡ್ಡದ ಮೇಲಿನ ಕೋಟೆಗೆ ಫಿರಂಗಿ ತೋಪು ಏರಿಸುವುದನ್ನು ನೋಡಿದ. ಜೋಡಿಯ ಮುಂದೆ ಜೋಡಿ, ಅದರ ಮುಂದೆ ಮತ್ತೊಂದು ಜೋಡಿ. ಎತ್ತುಗಳ ಸಾಲು ಗುಡ್ಡವನ್ನೇ ಸುತ್ತಿಕೊಂಡ ಹಾಗೆ ಕಂಡಿತು. ಅಂದಾನಪ್ಪ ಬಾಯಿ ತೆರೆದು ನಿಂತವನು ತೋಪು ಮೇಲೆ ಹೋದ ಮೇಲೂ ಅದನ್ನು ಮುಚ್ಚಲಿಲ್ಲ. ಊರಿಗೆ ಬಂದವನೇ ಅಡಿಗೆಮನೆಯಲ್ಲಿ ಕುಳಿತು, ನಾಲ್ಕು ಒಣ ಮೆಣಸಿನಕಾಯಿಗಳನ್ನು ನೆಲದ ಮೇಲೆ ಜೋಡಿಸಿ, ಹೆಂಡತಿಗೆ ಎತ್ತಿನ ಶಾಸ್ತ್ರ ಬೋಧಿಸಿದ. ಈ ಎರಡು ಹಿಂಜೋಡಿ, ಈ ಎರಡು ಮುಂಜೋಡಿ. ಹಿಂಜೋಡಿ ಕೆಸರಿನಲ್ಲಿ ಕಾಲು ಜಾರಿಸುವ ಹೊತ್ತಿಗೆ ಮುಂಜೋಡಿ ಗಟ್ಟಿ ನೆಲದ ಮೇಲೆ ಕಾಲೂರಿರುತ್ತದೆ. ಒಂದು ಜೋಡಿ ಸೋತರೆ ಇನ್ನೊಂದು ಗೆಲ್ಲುತ್ತದೆ. ಇದಕ್ಕಿಂತ ದೊಡ್ಡ ಉಪಾಯ ಬ್ರಹ್ಮನಿಗೂ ಹೊಳೆದಿರಲಿಕ್ಕಿಲ್ಲ.

ಕಲ್ಲವ್ವ ರೊಟ್ಟಿ ಬಡಿಯುತ್ತಲೇ ಪೂರ್ತಿ ಕೇಳಿದಳು. ಆಮೇಲೆ ಮುಂಜೋಡಿಯನ್ನು ಎತ್ತಿ ಒರಳಿಗೆ ಹಾಕಿ ಕುಟ್ಟಿದಳು.

“ಈ ಮನ್ಯಾಗ ನಾವು ಇಬ್ಬರs ಒಮ್ಮೆನೂ ಒಂದ ಕಡೆ ಜಗ್ಗಿದ್ದಿಲ್ಲ” ಎಂದಳು. “ನಾಕ ಎತ್ತು ಹ್ಯಾಂಗ ಜಗ್ಗತಾವ್ರಿ?”

ಅಂದಾನಪ್ಪನಿಗೆ ಇದಕ್ಕೆ ಉತ್ತರ ಹೊಳೆದದ್ದು ಮೂರು ದಿನದ ಮೇಲೆ. ಅಷ್ಟು ಹೊತ್ತಿಗೆ ಅವಳು ಪ್ರಶ್ನೆ ಮರೆತಿದ್ದಳು.

ಆದರೆ ಈ ವ್ಯಾಜ್ಯದ ಹೊಟ್ಟೆಯೊಳಗೆ ಇನ್ನೊಂದು ಮಾತಿತ್ತು. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ. ಒಬ್ಬಳೇ ಮಗಳು ಬಾಳವ್ವ, ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿಗೆ ಕೊಟ್ಟವಳು, ಚೊಚ್ಚಲ ಬಸುರಿ. ಅವಳನ್ನು ಬಾಣಂತನಕ್ಕೆ ತವರಿಗೆ ಕರೆತರಬೇಕು. ಬೆಸ ತಿಂಗಳಲ್ಲೇ ತರಬೇಕು. ಐದರಲ್ಲಿ ಅತ್ತೆಗೆ ಜ್ವರ ಬಂದು ಹುಡುಗಿ ನಿಂತಳು. ಈಗ ಏಳು ಮುಗಿಯುತ್ತಾ ಬಂದಿತ್ತು. ಎಂಟರಲ್ಲಿ ಬಸುರಿ ಊರಿನ ಸೀಮೆ ದಾಟುವಂತಿಲ್ಲ. ಒಂಬತ್ತಕ್ಕೆ ಕಾದರೆ ಅಷ್ಟರಲ್ಲಿ ಹೊಳೆ ತುಂಬಿ ಹೊಳೆಮಣ್ಣೂರೇ ದೋಣಿಯಾಗಿರುತ್ತದೆ. ಈ ತಿಂಗಳು ತಪ್ಪಿದರೆ ಹುಡುಗಿ ತಾಯಿ ಇಲ್ಲದೆ ಹೆರಬೇಕು. ಮಳೆ ಆಗಲೇ ಹಿಡಿದಿತ್ತು.

ಅಂದಾನಪ್ಪ ದಿನಾ ಬೆಳಗ್ಗೆ ಎದ್ದು ಬಡಗಣ ದಿಕ್ಕಿನ ಮೋಡ ನೋಡುತ್ತಿದ್ದ. ಯಾರಾದರೂ ಕೇಳಿದರೆ, ಎತ್ತಿಗೆ ಮೇವು ತರುವುದರ ಬಗ್ಗೆ ಯೋಚನೆ ಮಾಡುತ್ತಿದ್ದೇನೆ ಎನ್ನುತ್ತಿದ್ದ. ಊರಿನವರೆಲ್ಲರ ಬಂಡಿ ಎಬ್ಬಿಸಿದವನ ಸ್ವಂತ ಬಂಡಿ, ಅದೂ ಮಗಳು ಕುಳಿತ ಬಂಡಿ, ದಾರಿಯಲ್ಲಿ ಹೂತರೆ ಯಾರನ್ನು ಕರೆಯುವುದು? ಅವನ ನಾಲ್ಕೆತ್ತಿನ ಹಂಬಲದ ಅರ್ಧ ಭಾಗ ನರಗುಂದದ ತೋಪು, ಇನ್ನರ್ಧ ಈ ಭಯ. ಕಲ್ಲವ್ವನಿಗೆ ಅದು ಗೊತ್ತಿದ್ದರಿಂದಲೇ ಕೊನೆಗೆ ಒಂದು ದಿನ, ಸೋತೆ ಎಂದು ಹೇಳದೆ ಸೋತಳು. ಬೇಕಾದರೆ ನಾಲ್ಕಲ್ಲ, ಆನೆ ಹೂಡಿಕೊಳ್ಳಿ, ಆದರೆ ನಾನೂ ಬರುತ್ತೇನೆ ಎಂದಳು. ನಾಲ್ಕು ಎತ್ತು ಮತ್ತು ಒಬ್ಬ ಗಂಡ, ಇವರನ್ನು ನಂಬಿ ಮಗಳನ್ನು ಬಿಡಲು ಅವಳು ಸಿದ್ಧಳಿರಲಿಲ್ಲ.

ಮುಂಜೋಡಿ ಸಿಕ್ಕಿದ್ದು ಗಜೇಂದ್ರಗಡದಲ್ಲಿ, ಗೆಳೆಯ ಮದರಸಾಬನ ಹತ್ತಿರ. ಗುಡ್ಡದ ಬುಡಕ್ಕೆ ಅವನದೊಂದು ಎಲೆಬಳ್ಳಿಯ ತೋಟ, ತೋಟಕ್ಕೊಂದು ಕಪಿಲೆ ಬಾವಿ. ದೊಡ್ಡ ತೊಗಲಿನ ಚೀಲಕ್ಕೆ ಹಗ್ಗ ಕಟ್ಟಿ, ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದಾಗ ಚೀಲ ಮೇಲೆ ಬಂದು ನೀರು ಸುರಿಯುತ್ತದೆ. ಅವು ಹಿಂದಕ್ಕೆ ಹೆಜ್ಜೆ ಹಾಕಿದಾಗ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಕಪಿಲೆಗೆ ಕೆಲಸವಿಲ್ಲ, ಎತ್ತುಗಳು ನಿಂತು ಮೆಲಕು ಹಾಕುತ್ತಿದ್ದವು. ಅವುಗಳ ಹೆಗಲು ನೋಡಿ ಅಂದಾನಪ್ಪನಿಗೆ ಕಣ್ಣೀರು ಬರುವುದೊಂದು ಬಾಕಿ. ಹೆಗಲೇ ಅದು? ಗಜೇಂದ್ರಗಡದ ಕೋಟೆಯ ಎರಡು ಬುರುಜು ಕೆಳಗಿಳಿದು ಹುಲ್ಲು ತಿನ್ನುತ್ತಿದ್ದ ಹಾಗಿತ್ತು. ಪಾತಾಳದ ನೀರನ್ನೇ ಎಳೆದು ತರುವವಕ್ಕೆ ಎರಿ ಮಣ್ಣಿನ ಬಂಡಿ ಯಾವ ಲೆಕ್ಕ ಎಂದುಕೊಂಡ.

ಮದರಸಾಬ ಎರಡನೇ ಮಾತಾಡದೆ ಕೊಟ್ಟ. ಮಗಳು ಊರಿಗೆ ಬರಬೇಕಲ್ಲ, ಹೊಡೆದುಕೊಂಡು ಹೋಗು ಎಂದ. ಅವಕ್ಕೆ ತನ್ನ ದನಿಯ ರೂಢಿ ಇದೆ, ಬೇಕಾದರೆ ತಾನೂ ಬರುತ್ತೇನೆ ಎಂದೂ ಹೇಳಿದ. ಅಂದಾನಪ್ಪ ನಕ್ಕುಬಿಟ್ಟ. ಮೂರು ಸೀಮೆಯ ಎತ್ತುಗಳ ಕಿವಿಯಲ್ಲಿ ಉಸುರಿದವನು ಅವನು. ಇವೆರಡರ ಕಿವಿ ಏನು ಬೇರೆ ಕಡೆ ಇರುತ್ತವೆಯೆ?

ಹೋಗುವಾಗ ದಾರಿ ಒಣಗಿತ್ತು, ಬಂಡಿ ಬರಿದಿತ್ತು. ಹಂಡ್ಯಾ ಬೂದ್ಯಾ ನೊಗಕ್ಕೆ, ಹೊಸ ಜೋಡಿ ಬಂಡಿಯ ಹಿಂದೆ ಕಟ್ಟಿಸಿಕೊಂಡು ಸುಖವಾಗಿ ನಡೆಯುತ್ತಿತ್ತು. ಹೊಳೆಮಣ್ಣೂರಿನ ಅಗಸೆಬಾಗಿಲು ಮುಟ್ಟುತ್ತಲೇ ಅಂದಾನಪ್ಪ ಬಂಡಿ ನಿಲ್ಲಿಸಿ, ಹೊಸ ಜೋಡಿಯನ್ನು ಮುಂದಕ್ಕೆ ತಂದು, ಮುಂದಿನ ನೊಗ ಬಿಗಿದು, ಮುಖ ತೊಳೆದು, ರುಮಾಲು ಹೊಸದಾಗಿ ಸುತ್ತಿಕೊಂಡ. ಬೀಗರ ಮನೆ ಅಗಸೆಯಿಂದ ಒಳಗೆ ನಾಲ್ಕು ಮಾರು ದೂರ. ನಾಲ್ಕೆತ್ತಿನ ಬಂಡಿ ಅಷ್ಟು ದೂರ ಠೀವಿಯಿಂದ ಬಂದು, ಬೀಗ ಶಿವನಪ್ಪನ ಕಟ್ಟೆಯ ಮುಂದೆ ಯಾರೂ ಹೇಳದೆ ತಾನಾಗಿ ನಿಂತಿತು. ಶಿವನಪ್ಪ ಎದ್ದು ನಿಂತ. ಇಷ್ಟು ಕಲಿತ ಎತ್ತುಗಳನ್ನು ಅವನು ಕಂಡಿರಲಿಲ್ಲವಂತೆ. ಬಾಗಿಲು ಗುರುತಿಸಿ ನಿಲ್ಲುತ್ತವೆ ಎಂದರೆ ಅಂಕಿಯನ್ನೂ ಬಲ್ಲವೋ ಏನೋ ಎಂದ. ಅಂದಾನಪ್ಪ ಗಂಭೀರವಾಗಿ, ಈಗೀಗ ಕಲಿಯುತ್ತಿವೆ ಎಂದು ಹೇಳಿ ಕೂಡಲೇ ಎತ್ತುಗಳ ಕೊರಳನ್ನು ನೊಗದಿಂದ ಬಿಚ್ಚಿದ. (ಇನ್ನೊಂದು ಚಣ ತಡಮಾಡಿದ್ದರೆ ಅವು ಮುಂದೇನು ಮಾಡುತ್ತಿದ್ದವು ಎಂಬುದು ಅಲ್ಲಿಯೇ ತಿಳಿಯುತ್ತಿತ್ತು. ಆದರೆ ದೇವರಿಗೂ ಕೆಲವೊಮ್ಮೆ ತಮಾಷೆ ಉದ್ದ ಎಳೆಯುವ ಆಸೆ.)

ಬಾಳವ್ವ ಬಡವಾಗಿದ್ದಳು. ಹೊಟ್ಟೆ ಮುಂದೆ, ಮುಖ ಹಿಂದೆ. ಅವ್ವನನ್ನು ಕಂಡು ಕೈ ಹಿಡಿದು ಕುಳಿತಳು. ಅವಳ ಓರಗೆಯ ಹುಡುಗಿಯೊಬ್ಬಳು ಹಿಂದಿನ ತಿಂಗಳು ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳಂತೆ. ಆವತ್ತಿನಿಂದ ಹುಡುಗಿ ನಕ್ಕಿಲ್ಲ ಎಂದು ಅವಳ ಅತ್ತೆ ಗುಟ್ಟಾಗಿ ಕಲ್ಲವ್ವನಿಗೆ ಹೇಳಿದಳು. ಕಲ್ಲವ್ವ ಆ ಮಾತನ್ನು ಗಂಡನಿಗೆ ಹೇಳಿದಳು. ಅಂದಾನಪ್ಪ ಎದ್ದು ಹೋಗಿ, ಬಂಡಿಯಲ್ಲಿ ಹಾಸಿದ್ದ ಜೋಳದ ಕಣಿಕೆಯ ಮೇಲೆ ಇನ್ನೊಂದು ಹೊರೆ ಹಾಸಿದ, ಅದರ ಮೇಲೆ ಕೌದಿ, ಅದರ ಮೇಲೆ ಇನ್ನೊಂದು ಕೌದಿ. ಹುಡುಗಿ ಹತ್ತಿ ಕುಳಿತಾಗ ತಲೆ ಬಂಡಿಯ ಮೇಲಿನ ಕೊಲ್ಲಾರಿ ಕಮಾನಿನ ಚಾಪೆಗೆ ತಾಗುತ್ತಿತ್ತು.

ಉಡಿ ತುಂಬಿಸಿಕೊಂಡು ಶನಿವಾರ ಹೊರಟರು. ಆ ರಾತ್ರಿ ರೋಣದಲ್ಲಿ ನೆಂಟರ ಮನೆಯಲ್ಲಿ ತಂಗಿದರು. ರವಿವಾರ ನಸುಕಿಗೆ ಎದ್ದು ನೋಡಿದರೆ ಮಳೆ. ಕಾಯುವಂತಿರಲಿಲ್ಲ. ಸೋಮವಾರ ಬಸವಣ್ಣನ ದಿನ. ನಮ್ಮಲ್ಲಿ ಆವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ಇಡುವುದಿಲ್ಲ. ಮಂಗಳವಾರಕ್ಕೆ ಎಂಟು ಹಿಡಿಯುತ್ತಿತ್ತು. ಆದ್ದರಿಂದ ಆವತ್ತೇ, ದೀಪ ಹಚ್ಚುವುದರೊಳಗೆ, ಪುರ್ತಗೇರಿಯ ಸೀಮೆ ಮುಟ್ಟಬೇಕಿತ್ತು.

ಮಧ್ಯಾಹ್ನದವರೆಗೆ ಹಂಡ್ಯಾ ಬೂದ್ಯಾ ಹೇಗೋ ಎಳೆದವು. ಆಮೇಲೆ ಒಂದು ತಗ್ಗು ಬಂತು. ಅಲ್ಲಿ ಮಣ್ಣು ಗಾಲಿಯ ಅಚ್ಚಿನವರೆಗೆ ಬಾಯಿ ತೆರೆದು, ಬಂಡಿಯನ್ನು ಹಿತವಾಗಿ ಕಚ್ಚಿ ಹಿಡಿಯಿತು. ಎತ್ತುಗಳು ಮೊಣಕಾಲೂರಿದವು. ಕಲ್ಲವ್ವ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ತಿಂಗಳುಗಟ್ಟಲೆ ಕಾದಿದ್ದ ಸಂದರ್ಭ ಒದಗಿದ ಕಳೆ ಇತ್ತು. ಅವನು ಹಿಂದೆ ಕಟ್ಟಿದ್ದ ಜೋಡಿಯನ್ನು ಬಿಚ್ಚಿ, ಸೇನಾಪತಿಯ ಹಾಗೆ ನಡೆಸಿಕೊಂಡು ಬಂದು ಮುಂದೆ ಹೂಡಿದ. ಅವುಗಳ ಕಾಲು ಗಟ್ಟಿ ದಿನ್ನೆಯ ಮೇಲೆ ಬಂದವು. ಮೆಣಸಿನಕಾಯಿಯ ಶಾಸ್ತ್ರದಲ್ಲಿ ಹೇಳಿದಂತೆಯೇ ಎಲ್ಲವೂ ಇತ್ತು.

“ನೋಡs ಈಗ” ಎಂದ ಹೆಂಡತಿಗೆ.

ನಾಲ್ಕೂ ಜಗ್ಗಿದವು. ಬಂಡಿ ಒಮ್ಮೆ ನರಳಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಬಂತು. ದಿನ್ನೆ ಏರಿತು. ಅಂದಾನಪ್ಪ ತಿರುಗಿ ನಿಂತು, ಹೆಂಡತಿಯ ಮುಖದ ಮೇಲೆ ಸೋಲು ಮೂಡುವುದನ್ನು ನೋಡಲು ಸೊಂಟದ ಮೇಲೆ ಕೈ ಇಟ್ಟುಕೊಂಡ. ಸೋಲು ಮೂಡಲಿಲ್ಲ, ಮೂಡಿದ್ದು ಅಚ್ಚರಿ. ಅವಳು ಅವನ ಬೆನ್ನ ಹಿಂದೆ ಏನನ್ನೋ ನೋಡುತ್ತಿದ್ದಳು. ಮುಂಜೋಡಿ ಕಪಿಲೆಯ ಇಳಿಜಾರಿನಷ್ಟು ದೂರ ಹೋಗಿ ನಿಂತಿತ್ತು. ಒಂದು ಚೀಲ ನೀರು ಸುರಿಯುವಷ್ಟು ಹೊತ್ತು ನಿಂತು, ಆಮೇಲೆ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಹಾಗೆ, ಅತ್ಯಂತ ಮರ್ಯಾದೆಯಿಂದ, ಹಿಂದಕ್ಕೆ ಹೆಜ್ಜೆ ಹಾಕತೊಡಗಿತು. ಹಂಡ್ಯಾ ಬೂದ್ಯಾ ಮೂತಿಯ ಮೇಲೆ ಬಾಲ ಬಡಿಸಿಕೊಂಡು ತಾವೂ ಹಿಂದೆ ಸರಿದವು. ಬಂಡಿ ಜಾರಿ ಜಾರಿ, ತಾನು ಎದ್ದು ಬಂದ ಗುಂಡಿಯಲ್ಲೇ ಹೋಗಿ ಕುಳಿತಿತು.

ಅಂದಾನಪ್ಪ ಮತ್ತೆ ಎಳೆಸಿದ. ಬಂಡಿ ಮತ್ತೆ ಎದ್ದಿತು, ಮತ್ತೆ ದಿನ್ನೆ ಏರಿತು, ಮತ್ತೆ ಇಳಿಯಿತು. ಕಿವಿಯಲ್ಲಿ ಉಸುರಿದ, ಬಾರುಕೋಲು ಆಡಿಸಿದ, ಮದರಸಾಬನ ಪೂರ್ವಜರನ್ನು ನೆನೆದ. ಬಂಡಿ ಏರುತ್ತಿತ್ತು, ಇಳಿಯುತ್ತಿತ್ತು. ಆ ಗುಂಡಿಯಿಂದ ಎಷ್ಟು ನೀರು ಮೇಲೆ ಬಂತೆಂದರೆ ದಾರಿ ಬದಿಯ ಹೊಲದ ಸಾಲುಗಳಲ್ಲಿ ಹರಿದು ಹೋಗಿ, ಯಾವನದೋ ಹೆಸರುಕಾಳು ಮೊಳಕೆಯೊಡೆಯಿತು ಎಂದು ಹೇಳುವವರಿದ್ದಾರೆ.

ಆಗ ಬಂಡಿಯ ಒಳಗಿನಿಂದ ಒಂದು ಸದ್ದು ಬಂತು. ಕಲ್ಲವ್ವ ಕೆಸರು ತುಳಿದು ಓಡಿ ಚಾಪೆ ಸರಿಸಿದಳು. ಬಾಳವ್ವ ಹೊಟ್ಟೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಉಸಿರು ಹಿಡಿಯುತ್ತಿತ್ತು, ನಗು ಮಾತ್ರ ನಿಲ್ಲುತ್ತಿರಲಿಲ್ಲ.

“ಅಪ್ಪಾ” ಎಂದಳು ಒಳಗಿನಿಂದ, “ಎಲಿಬಳ್ಳಿಗೆ ನೀರ ಸಾಕಾದ್ವು. ಇನ್ನ ಬದನಿಕಾಯಿಗೆ ತಿರುವು.”

ಅಂದಾನಪ್ಪ ಕೆಸರಿನಲ್ಲಿ ನಿಂತು ಕೇಳಿದ. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಜಗಳವಾಗುತ್ತಿತ್ತು. ಅವನಿಗೆ ಯಾಕೋ ಮತ್ತೊಮ್ಮೆ ಬಂಡಿ ಏರಿಸಿ ಇಳಿಸೋಣವೆನಿಸಿತು, ಏರಿಸಿದ, ಇಳಿಯಿತು. ಹುಡುಗಿ ಮತ್ತೂ ನಕ್ಕಳು. ಹೀಗೆ ಎಷ್ಟು ಸಲವೋ. ಕೊನೆಗೆ ಕಲ್ಲವ್ವ, ಮಗಳು ನಗುವುದು ಸರಿ, ಆದರೆ ನಾಳೆ ಸೋಮವಾರ ಎಂದು ನೆನಪಿಸಿದಳು.

ಅವಳು ಹೇಳಿದಂತೆ ಮುಂಜೋಡಿ ಬಿಚ್ಚಿ ಎರಡೇ ಎತ್ತಿನಲ್ಲಿ ನೋಡಿದರು. ಬಂಡಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಹೀಗಾಗಿ ಉಗಾದಿಯಿಂದ ನಡೆದ ವ್ಯಾಜ್ಯದಲ್ಲಿ ಆ ತಗ್ಗಿನಲ್ಲಿ ಗಂಡನೂ ಸೋತ, ಹೆಂಡತಿಯೂ ಸೋತಳು, ಮಣ್ಣು ಒಂದೇ ಗೆದ್ದಿತು. ಮತ್ತೆ ನಾಲ್ಕನ್ನೂ ಹೂಡಿದರು. ಕಲ್ಲವ್ವ ಕಂಬಳಿ ಕೊಪ್ಪೆಯೊಳಗಿನಿಂದ ಮುಂಜೋಡಿಯನ್ನು ಬಹಳ ಹೊತ್ತು ನೋಡಿದಳು.

“ಮದರಸಾಬಣ್ಣ ಕಪಿಲಿ ಹೊಡಿಯೂವಾಗ ಬಾಯಿ ಮುಚ್ಚಿಕೊಂಡ ಇರತಾನೇನ್ರಿ?” ಎಂದು ಕೇಳಿದಳು.

ಇಲ್ಲ, ಪದ ಹಾಡುತ್ತಾನೆ ಎಂದ ಅಂದಾನಪ್ಪ. ಎತ್ತು ಮುಂದೆ ಹೋಗುವಾಗ ಹಾಡುತ್ತಾನೆ, ಪದ ಮುಗಿಸಿದಾಗ ಅವು ನಿಲ್ಲುತ್ತವೆ, ಆಮೇಲೆ ಹಿಂದೆ ಬರುತ್ತವೆ. ಇದನ್ನು ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

ಪದ ಮುಗಿಯದಿದ್ದರೆ ಅವು ನಿಲ್ಲುವುದಿಲ್ಲ. ಇಷ್ಟು ತಿಳಿದ ಮೇಲೆ ಅಂದಾನಪ್ಪ ತಾನೇ ಶುರು ಮಾಡಿದ. ಅವನ ದನಿ ಎತ್ತನ್ನು ಬೆದರಿಸಲು ಹೇಳಿ ಮಾಡಿಸಿದ್ದು, ಪದಕ್ಕಲ್ಲ. ಮೊದಲ ಸಾಲಿಗೆ ಮುಂಜೋಡಿ ಒಂದನ್ನೊಂದು ನೋಡಿಕೊಂಡಿತು. ಎರಡನೇ ಸಾಲಿಗೆ ಎಡಗಡೆಯ ಎತ್ತು ಮಲಗಿಬಿಟ್ಟಿತು. ಮೂರನೇ ಸಾಲು ಅವನಿಗೆ ಬರುತ್ತಿರಲಿಲ್ಲ. ಕಲ್ಲವ್ವ ಕಚ್ಚೆ ಬಿಗಿದು, ಗಂಡನನ್ನು ಪಕ್ಕಕ್ಕೆ ಸರಿಸಿ, ಎತ್ತುಗಳ ಮುಂದೆ ಬಂದಳು. ಕಪಿಲೆಯ ಪದ ಅವಳಿಗೆ ಗೊತ್ತಿರಲಿಲ್ಲ. ಬೀಸುವ ಪದ ಗೊತ್ತಿತ್ತು. ಬೀಸುವ ಪದಕ್ಕೆ ಕೊನೆ ಎಂಬುದಿಲ್ಲ. ಕಲ್ಲು ತಿರುಗುತ್ತಿರುವವರೆಗೆ ಒಂದು ಸಾಲಿನ ಬಾಲ ಹಿಡಿದು ಇನ್ನೊಂದು ಬರುತ್ತಲೇ ಇರುತ್ತದೆ.

ಅವಳು ಹಾಡಿದಳು. ಎತ್ತುಗಳು ನಡೆದವು. ಇಳಿಜಾರಿನಷ್ಟು ದೂರ ಬಂತು. ಅವು ಕಿವಿ ನಿಮಿರಿಸಿ ಪದ ಮುಗಿಯುವುದನ್ನು ಕಾದವು. ಮುಗಿಯಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟವು. ಬಂಡಿ ತಗ್ಗು ದಾಟಿ, ದಿನ್ನೆ ದಾಟಿ, ಮುಂದಕ್ಕೆ ಹೊರಟಿತು. ಅಂದಾನಪ್ಪ ಸಂತೋಷ ತಡೆಯಲಾರದೆ “ಶಾಬಾಸ್” ಎಂದ. ಕಲ್ಲವ್ವ ಒಂದು ಚಣ ತಿರುಗಿ ನೋಡಿದಳು. ಪದ ಕಡಿಯಿತು. ಎತ್ತುಗಳು ನಿಂತು, ಹಿಂದಕ್ಕೆ ಬಂದು, ಬಂಡಿಯನ್ನು ಪುನಃ ಗುಂಡಿಗೆ ಒಪ್ಪಿಸಿದವು.

“ಇನ್ನ ಊರು ಬರೂತನಕಾ ನೀವು ಬಾಯಿ ತಗೀಬಾರದು” ಎಂದಳು ಕಲ್ಲವ್ವ. ಇಪ್ಪತ್ತು ವರ್ಷದಿಂದ ಈ ಮಾತು ಆಡಲು ಒಂದು ಕಾರಣ ಹುಡುಕುತ್ತಿದ್ದಳು.

ಅಲ್ಲಿಂದ ಪುರ್ತಗೇರಿ ಎರಡು ಹರದಾರಿ. ದಾರಿಯೆಲ್ಲ ಒಂದೇ ಕೆಸರಾಗಿದ್ದರಿಂದ ಮುಂಜೋಡಿಯನ್ನು ಬಿಚ್ಚುವಂತಿರಲಿಲ್ಲ. ಮುಂಜೋಡಿ ಇರುವವರೆಗೆ ಪದ ನಿಲ್ಲಿಸುವಂತಿರಲಿಲ್ಲ. ಕಲ್ಲವ್ವ ದೇವರ ಪದಗಳನ್ನು ಹಾಡಿ ಮುಗಿಸಿದಳು. ತವರಿನ ಪದ, ತೊಟ್ಟಿಲ ಪದ, ಸೋಬಾನೆ, ಎಲ್ಲ ಮುಗಿದವು. ಅರ್ಧ ಹರದಾರಿಯೂ ಆಗಿರಲಿಲ್ಲ. ಹೊಸದಾಗಿ ಕಟ್ಟಬೇಕಾಯಿತು. ಬೀಸುವ ಪದ ಕಟ್ಟುವ ಹೆಂಗಸಿಗೆ ಎದುರಿಗೆ ಏನು ಕಂಡರೆ ಅದೇ ವಸ್ತು. ಎದುರಿಗೆ, ಕೆಸರು ಮೆತ್ತಿದ ರುಮಾಲಿನಲ್ಲಿ, ಬಾಯಿ ಬಿಗಿದುಕೊಂಡು, ಅಂದಾನಪ್ಪ ನಡೆಯುತ್ತಿದ್ದ.

ಉಪ್ಪ ತಾರಂದರ ಉಪ್ಪಿಗಿ ಹೋದಾನ
ಸಪ್ಪಾನ ಸಾರು ಉಂಡೇವ, ನನರಾಯ
ಹಬ್ಬ ಮುಗದಾಗ ಬಂದಾನ

ಅಂದಾನಪ್ಪ ಬೆಚ್ಚಿ ತಿರುಗಿದ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು; ಆವತ್ತು ಉಪ್ಪು ತರಲು ತಡವಾದದ್ದಕ್ಕೆ ಮೂರು ಬಲವಾದ ಕಾರಣಗಳಿದ್ದವು. ಮುಂಜೋಡಿಯ ಕಿವಿ ನೋಡಿ ನುಂಗಿಕೊಂಡ.

ಮಾಳಿಗಿ ಸೋರತೈತಿ ಮಣ್ಣ ಹಾಕ್ರಿ ಅಂದರ
ಕೇರ್ಯಾಗ ನಿಂತು ಕತಿ ಹೇಳಿ, ನನರಾಯ
ಕೊಡದಾಗ ನೀರ ಹಿಡದಾನ

ಇಪ್ಪತ್ತು ವರ್ಷದ ಸಂಸಾರ ಒಂದೊಂದಾಗಿ ಎದ್ದು ಬಂತು. ಹೂತ ಬಂಡಿಯೇ ಮೇಲು, ಅದು ಒಂದು ಸಲಕ್ಕೆ ಒಂದೇ ಏಳುತ್ತದೆ. ಮದುವೆಯ ದಿನ ಚಪ್ಪರದಲ್ಲಿ ನಿದ್ದೆ ಹೋದದ್ದು, ಅತ್ತೆಯ ಮುಂದೆ ಹೆಂಡತಿಯ ಅಡಿಗೆ ಹೊಗಳಿ ಸಾಯಂಕಾಲದೊಳಗೆ ಮನೆಗೆ ಬೆಂಕಿ ಹಚ್ಚಿದ್ದು, ಸೀರೆ ತರುತ್ತೇನೆಂದು ಗಜೇಂದ್ರಗಡಕ್ಕೆ ಹೋಗಿ ಎತ್ತಿನ ಕೊರಳ ಗೆಜ್ಜೆ ತಂದದ್ದು. ಕಲ್ಲವ್ವ ಎಲ್ಲಾದರೂ ತಡವರಿಸಿದರೆ ಬಂಡಿಯೊಳಗಿನಿಂದ ಬಾಳವ್ವ ಎತ್ತಿ ಕೊಡುತ್ತಿದ್ದಳು: ಅವ್ವಾ, ಆ ಹುಣಸಿ ಗಿಡದಿಂದ ಬಿದ್ದದ್ದು ಉಳೀತು, ಅವ್ವಾ, ಬೆಲ್ಲ ಕದ್ದು ಬೆಕ್ಕಿನ ಮ್ಯಾಲೆ ಹಾಕಿದ್ದು. ಹುಡುಗಿಯ ಗಂಟಲಲ್ಲಿ ನಗು ಕುದಿಯುತ್ತಲೇ ಇತ್ತು. ಆ ಮಳೆಯಲ್ಲೂ ಹೊಲದ ಬದುವಿನ ಮೇಲೆ ಜನ ನಿಂತರು. ಕೆಲವು ಹೆಂಗಸರು ಕಸ ತೆಗೆಯುವುದು ಬಿಟ್ಟು, ಮುಂದಿನ ಸಾಲು ಕೇಳಲೆಂದು ಅರ್ಧ ಹರದಾರಿ ಬಂಡಿಯ ಜೊತೆ ನಡೆದರು. ಕಪ್ಪೆಗಳು ಕೂಗುವುದನ್ನು ನಿಲ್ಲಿಸಿದವು. ಆ ಸೀಮೆಯಲ್ಲಿ ಇಂದಿಗೂ ಗಂಡ ಉಪ್ಪು ತರಲು ಮರೆತರೆ ಏನು ಹಾಡುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ.

ಅಂದಾನಪ್ಪ ಬಾಯಿ ತೆರೆಯಲಿಲ್ಲ. ಮೊದಲು ಎತ್ತುಗಳಿಗಾಗಿ. ಆಮೇಲೆ ಬಂಡಿಯೊಳಗಿನ ನಗುವಿಗಾಗಿ.

ಪುರ್ತಗೇರಿಯ ಅಗಸೆ ಬಂತು. ಮಳೆ ನಿಂತು, ಪಡುವಣದಲ್ಲಿ ಚೂರು ಬೆಳಕು ಇತ್ತು. ಮನೆ ಕಾಣುತ್ತಿತ್ತು. ಕಲ್ಲವ್ವನ ಗಂಟಲು ಒಡೆದು ಜೀರುಂಡೆಯ ಸದ್ದಾಗಿತ್ತು, ಗಂಡನ ತಪ್ಪುಗಳೂ ಮುಗಿದಿದ್ದವು. (ಮುಗಿದವು ಎಂದು ಅವಳು ಒಪ್ಪಿದ್ದು ಅದೊಂದೇ ಸಲ.) ಬಾಗಿಲಿಗೆ ಇನ್ನೂ ಹತ್ತು ಮಾರು. ಬಾಳವ್ವನನ್ನು ಕೇಳಿದರೆ ಅವಳ ಬಳಿಯೂ ಏನೂ ಉಳಿದಿರಲಿಲ್ಲ. ಎತ್ತುಗಳು ಕಿವಿ ನಿಮಿರಿಸಿದವು. ಕಲ್ಲವ್ವ ಉಸಿರು ಎಳೆದುಕೊಂಡು, ಕೈಗೆ ಸಿಕ್ಕದ್ದನ್ನು ಹಿಡಿದುಕೊಂಡಳು.

ಕೂಸಿಗಿ ಚಳಿಜ್ವರ, ಮೂರು ಮುಂಜಾನಿ ತನಕ
ತೊಡಿಯ ತೊಟ್ಟಿಲ ಮಾಡಿ ಕುಂತಾವ, ನನರಾಯ

“ಏನಂದಿ?” ಎಂದ ಅಂದಾನಪ್ಪ.

ಬಾಯಿಂದ ಮಾತು ಬಿದ್ದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆದರೆ ಕಲ್ಲವ್ವ ನಿಂತಾಗಿತ್ತು. ಎತ್ತುಗಳೂ ನಿಂತಾಗಿತ್ತು. ಒಂದು ಚೀಲ ನೀರು ಸುರಿಯುವಷ್ಟು ಹೊತ್ತು ಕಳೆಯಿತು. ಅಷ್ಟರಲ್ಲಿ ಬಾಳವ್ವ ಚಾಪೆ ಸರಿಸಿ, ಅವ್ವನ ಹೆಗಲು ಹಿಡಿದು ಮೆಲ್ಲಗೆ ಇಳಿದುಬಿಟ್ಟಳು. ಬರಿದಾದ ಬಂಡಿ ಅಗಸೆಯವರೆಗೆ ಹಿಂದೆ ಹಿಂದೆ ಹೋಯಿತು, ಅದರ ಹಿಂದೆ ಅಂದಾನಪ್ಪ ಹೋದ. ತಾಯಿ ಮಗಳು ಹತ್ತು ಮಾರು ನಡೆದು ಹೊಸ್ತಿಲು ದಾಟಿದರು. ನೆರೆಮನೆಯವರು ಆಗಷ್ಟೇ ದೀಪ ಹಚ್ಚುತ್ತಿದ್ದರು.

ಒಂಬತ್ತು ತುಂಬಿ, ಮಲಪ್ರಭೆ ಹೊಳೆಮಣ್ಣೂರಿನ ಅಂಗಳಕ್ಕೆ ಬಂದಿದ್ದ ವಾರದಲ್ಲೇ, ಬಾಳವ್ವ ತವರಿನ ಹಿಂಬದಿಯ ಕೋಣೆಯಲ್ಲಿ ಹೆಣ್ಣು ಹಡೆದಳು. ತಾಯಿ ಪಕ್ಕದಲ್ಲಿದ್ದಳು. ಕಷ್ಟವಾಯಿತು, ಆದರೆ ಆಯಿತು. ಕೂಸು ಅ‌ಳುವುದು ಕೇಳಿದ ಮೇಲೆ ಅಂದಾನಪ್ಪ ಕೊಟ್ಟಿಗೆಗೆ ಹೋಗಿ ಎತ್ತುಗಳಿಗೆ ಮೇವು ಹಾಕಿ ಬರುತ್ತೇನೆಂದು ಹೊರಟು, ಮೇವು ಒಯ್ಯುವುದನ್ನೇ ಮರೆತಿದ್ದ.

ಊರ ಕಟ್ಟೆಯವರು ತೀರ್ಪು ಕೇಳದೆ ಬಿಡುವವರಲ್ಲ. ಕೊನೆಗೂ ಬಂಡಿ ಎಳೆಯಲು ಎಷ್ಟು ಬೇಕು, ಎರಡೋ ನಾಲ್ಕೋ? ಅಂದಾನಪ್ಪ ಗಂಟಲು ಸರಿಮಾಡಿಕೊಂಡು, ತನ್ನ ಅನುಭವದಲ್ಲಿ ಎರಡೇ ಸಾಕು ಎಂದ. ಒಳಗಿನಿಂದ ಕಲ್ಲವ್ವ, ಬಾಣಂತಿಯ ಕಷಾಯ ಕುದಿಸುತ್ತಲೇ, ಛೇ ಛೇ, ನಾಲ್ಕೇ ಬೇಕು ಎಂದಳು. ಲಗ್ನವಾದಾಗಿನಿಂದ ಅವಳು ಎರಡು ಹರದಾರಿ ಮಾತಾಡಿ, ನಡುವೆ ಯಾರೂ ಬಾಯಿ ಹಾಕದೆ ಇದ್ದದ್ದು ಅದೊಂದೇ ದಿನವಂತೆ. ಕಟ್ಟೆಯವರು ನಕ್ಕರು. ಅಂದಾನಪ್ಪನೂ ನಕ್ಕ, ಸ್ವಲ್ಪ ತಡವಾಗಿ.

ಅವನ ಮನಸ್ಸು ಬೇರೆ ಕಡೆ ಇತ್ತು. ಮೂರು ಸಾಲಿನ ಪದದಲ್ಲಿ ಅವನು ಕೇಳಿದ್ದು ಎರಡು. ಕಲ್ಲವ್ವನನ್ನು ಕೇಳಿದರೆ, ಅದು ಎತ್ತಿಗೆ ಹಾಡಿದ್ದು, ನಿಮಗಲ್ಲ ಎಂದುಬಿಟ್ಟಳು. ಮಗಳನ್ನು ಕೇಳಿದರೆ, ಅವ್ವ ಹಾಡಲೇ ಇಲ್ಲವಲ್ಲಪ್ಪ, ನನಗೆ ಹ್ಯಾಗೆ ಗೊತ್ತು ಎಂದು ನಕ್ಕಳು. ತೊಟ್ಟಿಲ ಬಳಿ, ಬೀಸುವ ಕಲ್ಲಿನ ಬಳಿ, ಏನೋ ಹುಡುಕುವವನ ಹಾಗೆ ಸುಳಿದಾಡಿ ನೋಡಿದ. ಉಪ್ಪಿನದು ಬಂತು, ಮಾಳಿಗೆಯದು ಬಂತು, ಬೆಕ್ಕಿನದೂ ಬಂತು. ಅದು ಮಾತ್ರ ಬರಲಿಲ್ಲ.

ದಸರೆ ಮುಗಿದು ನೆಲ ಒಣಗಿದ ಮೇಲೆ ಒಂದು ದಿನ ಅಂದಾನಪ್ಪ ಗಜೇಂದ್ರಗಡದ ತೋಟದಲ್ಲಿ ಬಂದು ನಿಂತ. ಮದರಸಾಬ ಕಪಿಲೆ ನಿಲ್ಲಿಸಿ, ಯೋಗಕ್ಷೇಮ ವಿಚಾರಿಸಿ, ಬಂದದ್ದೇನು ಎಂದು ಕೇಳಿದ. ಜೋಡಿ ಬೇಕಾಗಿತ್ತು ಎಂದ ಅಂದಾನಪ್ಪ, ನೆಲ ನೋಡುತ್ತ. ಇಂಥ ಒಣ ನೆಲದಲ್ಲಿ ಯಾರ ಬಂಡಿ ಹೂತಿತು ಮಾರಾಯಾ ಎಂದು ಮದರಸಾಬನಿಗೆ ಅಚ್ಚರಿ.

“ಬಂಡಿ ಎಲ್ಲೂ ಹೂತಿಲ್ಲೋ” ಎಂದ ಅಂದಾನಪ್ಪ. “ಒಂದ ಪದಾ ಅರ್ಧಕ್ಕs ನಿಂತೈತಿ.”